ತಂತಿ ಅಕ್ಕಯಮ್ಮನ ಎರಡನೇ ಸಾಲು

ಬಹಳ ಹಿಂದೆ, ನಮ್ಮಜ್ಜಿಯ ಅಜ್ಜಿಗೆ ಇನ್ನೂ ಹಾಲುಹಲ್ಲು ಮೂಡದಿದ್ದ ಕಾಲ. ಒಂದೂರಿನ ಬಯಲಲ್ಲಿ ಮೂಡಲಿಂದ ಪಡುವಲಿಗೆ ಒಂದು ಸಾಲು ಕಂಬಗಳಿದ್ದವಂತೆ. ಕಂಬಕ್ಕೆಲ್ಲ ತಂತಿ, ತಂತಿಯ ಕೊನೆಗೊಂದು ಪೆಟ್ಟಿಗೆ. ಆಕಾಶದ ಸದ್ದು ಆ ಪೆಟ್ಟಿಗೆಯಲ್ಲಿ ಕೇಳಿಸುತ್ತಿತ್ತಂತೆ. ತಂತಿ ಬಿಗಿಯುವವಳು ಅಕ್ಕಯಮ್ಮ. ಹೆದರಿಕೆಯೇ ಗೊತ್ತಿಲ್ಲದ ಹೆಂಗಸು ಅಂತಾರೆ. ಸುಳ್ಳು. ಅವಳೂ ಹೆದರಿದ್ದಳು, ಕೇಳಿ.

ಆ ವರ್ಷ ಊರಿಗೆ ಜ್ವರ ಬಂತು. ಮಕ್ಕಳು ಒಂದರ ಹಿಂದೊಂದು ಹೋದವು. ಅಕ್ಕಯಮ್ಮನ ಮೊಮ್ಮಗಳೂ ಹೋದಳು. ಅದೇ ವಾರ ಪೆಟ್ಟಿಗೆಯಲ್ಲಿ ಟಕ್, ಟಕ್, ಟಕ್ ಅಂತ ಬಡಿತ ಶುರುವಾಯಿತಂತೆ. ಮಧ್ಯಾಹ್ನದ ಹೊತ್ತಿಗೆ ಬರುವುದು, ಸ್ವಲ್ಪ ಹೊತ್ತು ಬಡಿಯುವುದು, ನಿಂತುಹೋಗುವುದು. ಒಂದು ಬಡಿತವೂ ಹಿಂದುಮುಂದಾಗದು. ಕೇಳಿದವರಿಗೆ ಎದೆಬಡಿತದ ಹಾಗೇ ಕೇಳಿಸುತ್ತಿತ್ತಂತೆ.

ಎಲ್ಲಿಂದ ಬರುತ್ತದೆ ಎಂದು ಅಕ್ಕಯಮ್ಮನನ್ನು ಕೇಳಿದರು. ಮೂಡಲಿಂದಲ್ಲ, ಪಡುವಲಿಂದಲ್ಲ, ಸಾಲಿನ ನಟ್ಟನಡುವಿನ ನೇರಕ್ಕೆ ಬರುತ್ತದೆ ಎಂದಳು. ಅಷ್ಟೇ ಸಾಕಾಯಿತು. ಆ ನೇರಕ್ಕೆ ತೆಂಕಲಲ್ಲಿ ಇದ್ದದ್ದು ಒಂದೇ ಮನೆ, ಸೂಲಗಿತ್ತಿ ಪಿಳ್ಳಮ್ಮನದು. ಸತ್ತ ಮಕ್ಕಳನ್ನೆಲ್ಲ ಮೊದಲು ಮುಟ್ಟಿದ ಕೈ ಅವಳದೇ ಅಲ್ಲವೇ? ಮಕ್ಕಳ ಎದೆಬಡಿತ ಕದ್ದಿಟ್ಟಿದ್ದಾಳೆ ಎಂದರು. ಮನೆಗೆ ಬೆಂಕಿ ಇಡೋಣ ಎಂದರು.

ತಾನು ಹೇಳಿದ್ದು ಅರ್ಧ ಮಾತು ಎಂದು ಅಕ್ಕಯಮ್ಮನಿಗೆ ಗೊತ್ತಿತ್ತು. ಒಂದೇ ಸಾಲಿಗೆ ಎಡ ಬಲ ತಿಳಿಯುತ್ತದೆ, ಮೇಲೆ ಕೆಳಗೆ ತಿಳಿಯದು. ಆ ನೇರದಲ್ಲಿ ಪಿಳ್ಳಮ್ಮನ ಮನೆಯೂ ಇತ್ತು, ನೆತ್ತಿಯ ಮೇಲಿನ ಆಕಾಶವೂ ಇತ್ತು. ನಾಳೆ ಮಧ್ಯಾಹ್ನದವರೆಗೆ ತಡೆಯಿರಿ ಎಂದು ಊರವರ ಕಾಲು ಹಿಡಿದಳಂತೆ. ಅರ್ಧದಷ್ಟು ಕಂಬ ಕಿತ್ತು, ಮೇಲೆ ಕೆಳಗೆ ತಿಳಿಯಲೆಂದು ಬಡಗಲಿಂದ ತೆಂಕಲಿಗೆ ಇನ್ನೊಂದು ಸಾಲು ನೆಟ್ಟಳು. ಕೊನೆಯ ಕಂಬ ಪಿಳ್ಳಮ್ಮನ ಅಂಗಳಕ್ಕೇ ಬಂತು.

ಪಿಳ್ಳಮ್ಮ ಹೊಸ್ತಿಲಲ್ಲಿ ಕೂತು ಕೇಳಿದಳಂತೆ, “ನನ್ ಮನೆ ಕಡೆಯಿಂದ್ಲೇ ಬಂತು ಅಂದ್ರೆ ಏನ್ ಮಾಡ್ತೀಯೇ, ಅಕ್ಕಯಮ್ಮ?”

ಅಕ್ಕಯಮ್ಮ ಕಂಬದ ಬುಡಕ್ಕೆ ಮಣ್ಣು ತುಳಿಯುತ್ತಿದ್ದಳು. ಮೊಮ್ಮಗಳನ್ನು ಹೂತ ಮಣ್ಣು ಇನ್ನೂ ಹಸಿಯಾಗಿತ್ತು. ಬಂದರೆ ಮೊದಲ ಕೊಳ್ಳಿ ತಾನೇ ಇಟ್ಟೇನು ಎಂದು ಅವಳಿಗೆ ಅವಳದೇ ಭಯವಾಗಿತ್ತು.

ಮಧ್ಯಾಹ್ನ ಊರವರು ಕೊಳ್ಳಿ ಹಿಡಿದು ಪೆಟ್ಟಿಗೆಯ ಸುತ್ತ ನಿಂತರು. ಅಕ್ಕಯಮ್ಮ ತಂತಿ ಉದ್ದ ಮಾಡಿ, ಗಿಡ್ಡ ಮಾಡಿ, ಸಾಲಿನ ಕಿವಿಯನ್ನು ಪಿಳ್ಳಮ್ಮನ ಮನೆಗೆ ತಿರುಗಿಸಿದಳು. ಸದ್ದಿಲ್ಲ. ಮೆಲ್ಲಗೆ ಮೇಲೆತ್ತಿದಳು. ಹುಣಸೆಮರದ ತುದಿ, ಸದ್ದಿಲ್ಲ. ಗುಡ್ಡದ ತಲೆ, ಸದ್ದಿಲ್ಲ. ನೆತ್ತಿಗೆ ಬಂದಾಗ ಟಕ್, ಟಕ್, ಟಕ್. ಎಲ್ಲರೂ ತಲೆಯೆತ್ತಿ ನೋಡಿದರು. ಅಲ್ಲಿ ಬಿಸಿಲು ಬಿಟ್ಟರೆ ಏನೂ ಇರಲಿಲ್ಲ.

ಕೊಳ್ಳಿ ಕೆಳಗಿಟ್ಟರು. ಆದರೆ ಭಯ ಇಳಿಯಲಿಲ್ಲವಂತೆ, ಹೆಚ್ಚಾಯಿತಂತೆ. ಪಿಳ್ಳಮ್ಮನಾಗಿದ್ದರೆ ಸುಡಬಹುದಿತ್ತು. ಇದನ್ನು ಏನು ಮಾಡುವುದು? ಸತ್ತ ನಕ್ಷತ್ರವೊಂದು ಅಲ್ಲಿ ಗಿರಗಿರನೆ ಸುತ್ತುತ್ತಿದೆ, ಅದರ ಬಡಿತ ಇದು, ಜ್ವರಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದು, ಅಷ್ಟು ವರ್ಷ ಆಕಾಶಕ್ಕೆ ಕಿವಿಗೊಟ್ಟಿದ್ದ ಅಕ್ಕಯಮ್ಮ ಹೇಳಿದಳು. ಹೇಳಿದವಳಿಗೂ ಭಯ ಬಿಟ್ಟಿರಲಿಲ್ಲವಂತೆ.

ಈಗ ತಂತಿಯಿಲ್ಲ, ಪೆಟ್ಟಿಗೆಯಿಲ್ಲ. ಕಂಬ ನೆಟ್ಟ ಗುಳಿಗಳು ಮಾತ್ರ ಎರಡು ಸಾಲು ಉಳಿದಿವೆ. ಆ ಊರಲ್ಲಿ ಇವತ್ತಿಗೂ ಯಾರ ಮೇಲಾದರೂ ದೂರು ಹೇಳುವವರು ಮೊದಲ ಸಾಲಿನಲ್ಲಿ ನಿಂತು ಒಮ್ಮೆ ಹೇಳಬೇಕು. ಆಮೇಲೆ ಎರಡನೇ ಸಾಲಿನ ಕೊನೆಗೆ, ಪಿಳ್ಳಮ್ಮನ ಅಂಗಳದ ಗುಳಿಗೆ ಹೋಗಿ ಅದೇ ಮಾತನ್ನು ಇನ್ನೊಮ್ಮೆ ಹೇಳಬೇಕು. ಅಲ್ಲಿ ನಿಂತ ಎಷ್ಟೋ ಜನ ಒಮ್ಮೆ ಮೇಲೆ ನೋಡಿ, ಮಾತಿಲ್ಲದೆ ಮನೆಗೆ ಹೋಗಿಬಿಡುತ್ತಾರಂತೆ.