ಎರಡರ ಮಗ್ಗಿ ಹೇಳಿದ ಹೀರೋ

ಸಿನಿಮಾ ಶೂಟಿಂಗಿಗೆ ಟೀ ಕಾಯಿಸುತ್ತಿದ್ದವನು ನಾನು. ನನ್ನ ಟೀ ವಾಸನೆಗೆ ಕಲ್ಲಿನ ಬಸವಣ್ಣನೇ ಬಾಲ ಅಲ್ಲಾಡಿಸಿದ್ದ, ಅದಿರಲಿ. ಒಂದು ದಿನ ಮಾತು ಬರೆಯುವವರೆಲ್ಲ, ಪೋಸ್ಟರಿನಲ್ಲಿ ನಮ್ಮ ಹೆಸರು ಹಾಕಿ ಅಂತ ಮುಷ್ಕರಕ್ಕೆ ಕೂತರು. ಶೂಟಿಂಗ್ ನಿಂತೇಹೋಯಿತು.

ಪ್ರೊಡ್ಯೂಸರ್ ತಿಮ್ಮಪ್ಪಯ್ಯ ನನ್ನ ಮೇಲೆ ಹಾರಿಬಿದ್ದರು. "ಲೋ ಬೋರ, ದಿನವಿಡೀ ಬುರುಡೆ ಬಿಡ್ತೀಯಲ್ಲ, ಮಾತು ನೀನೇ ಕಟ್ಟು. ಇಲ್ಲಾಂದ್ರೆ ಒಲೆ ಎತ್ಕೊಂಡು ನಡಿ!"

ಬರೆಯೋರ ಹೊಟ್ಟೆ ಮೇಲೆ ಹೊಡೆಯೋಕೆ ನನಗೆ ಮನಸ್ಸಿಲ್ಲ. ಒಲೆ ಬಿಡೋಕೂ ಮನಸ್ಸಿಲ್ಲ.

"ಯಜಮಾನ್ರೇ, ಎಲ್ಲರ ಕೈಲೂ ಮಗ್ಗಿ ಹೇಳಿಸಿ. ಈಗ ತುಟಿ ಆಡಿದ್ರೆ ಸಾಕು. ಮಾತನ್ನ ಆಮೇಲೆ ಡಬ್ಬಿಂಗಿನಲ್ಲಿ ಕೂಡಿಸೋದು ತಾನೆ?" ಅಂದೆ.

ತಿಮ್ಮಪ್ಪಯ್ಯ ಕುಣಿದಾಡಿಬಿಟ್ಟರು. ಹೀರೋ ತಾಯಿಯ ಹೆಣದ ಮುಂದೆ "ಎರಡೊಂದ್ಲ ಎರಡು, ಎರಡೆರಡ್ಲ ನಾಲ್ಕು" ಅಂತ ಗೋಳಾಡಿದ. ಮರದ ಮೇಲಿನ ಕಾಗೆಗಳೂ ಅತ್ತವು. ಶೂಟಿಂಗ್ ಮುಗಿಯಿತು.

ಡಬ್ಬಿಂಗ್ ದಿನ ತಿಮ್ಮಪ್ಪಯ್ಯ ಕೇಳಿದರು, "ಎಲ್ಲೋ ಮಾತು?"

"ನನಗೆ ಬರೋದು ಎರಡರ ಮಗ್ಗಿ ಒಂದೇ, ಅದನ್ನ ಕೊಟ್ಟಾಯ್ತಲ್ಲ ಯಜಮಾನ್ರೇ! ಆ ತುಟಿಗೆ ಹೊಂದೋ ಮಾತು ಬೇಕಂದ್ರೆ ಬರೆಯೋರನ್ನೇ ಕೇಳಬೇಕು."

ಅವರ ಮುಖ ಆರಿದ ಟೀ ಥರ ಆಯಿತು. ಅವತ್ತೇ ಮುಷ್ಕರದ ಚಪ್ಪರಕ್ಕೆ ಹೋಗಿ ಕೈ ಮುಗಿದರು. ಪೋಸ್ಟರಿನಲ್ಲಿ ಬರೆದವರ ಹೆಸರು ಹೀರೋ ತಲೆಗಿಂತ ದಪ್ಪಗೆ ಬಂತು.

ಆ ಸಂತೋಷಕ್ಕೆ ಎಲ್ಲರಿಗೂ ಟೀ ಕಾದದ್ದು ಯಾವ ಒಲೆ ಮೇಲೆ ಅಂದ್ಕೊಂಡ್ರಿ? ಎತ್ಕೊಂಡು ನಡಿ ಅಂದಿದ್ದರಲ್ಲ, ಅದರ ಮೇಲೇ!