ಸಂಕವ್ವನ ಒಗ್ಗರಣೆ, ಕೊತ್ವಾಲನ ಕೆಮ್ಮು

"ನನ್ನ ಕಿವಿಗೆ ಬೀಳದ ಹಾಗೆ ಈ ಊರಲ್ಲಿ ಒಂದು ಬೆಕ್ಕು ಕೂಡ ಕೆಮ್ಮಲಾರದು!" ಎಂದು ಕೆಂಗೋಟೆಯ ಕೊತ್ವಾಲ ಜಟ್ಟೆಪ್ಪ ಮೀಸೆ ತಿರುವಿದ. ತಿರುವಿದ್ದು ಸಂಕವ್ವನ ಖಾನಾವಳಿಯಲ್ಲಿ, ಅವಳದೇ ಮಣೆಯ ಮೇಲೆ ಕೂತು, ಅವಳದೇ ರೊಟ್ಟಿ ಮುರಿಯುತ್ತ.

ಆಗ ಊರಿಗೆ ಕೆಮ್ಮಿನ ಬೇನೆ ಬಂದಿತ್ತು. ಒಬ್ಬ ಕೆಮ್ಮಿದರೆ ಇಡೀ ಓಣಿಯೇ ಹಾಸಿಗೆ ಹಿಡಿಯುತ್ತಿತ್ತು. ಅರಸ ವೀರಮಲ್ಲ ಡಂಗುರ ಹೊಡೆಸಿದ್ದ: ಪೇಟೆಯೆಲ್ಲ ಮುಚ್ಚಬೇಕು, ಜನ ದೂರ ದೂರ ನಿಲ್ಲಬೇಕು, ಕೆಮ್ಮಿದವರು ಅಮಾವಾಸ್ಯೆಯವರೆಗೆ ಊರಾಚೆಯ ಹಳೇ ಒಂಟೆಲಾಯದಲ್ಲಿರಬೇಕು. ಆಜ್ಞೆಯೇನೋ ಒಳ್ಳೆಯದೇ. ಅದನ್ನು ಜಾರಿಗೆ ತರುವ ಕೆಲಸ ಜಟ್ಟೆಪ್ಪನ ಕೈಗೆ ಬಿತ್ತು. ಅಲ್ಲಿಗೆ ಊರಿಗೆ ಬೇನೆ ಎರಡಾದವು.

ಗಂಡ ತೀರಿಕೊಂಡ ಮೇಲೆ ಸಂಕವ್ವ ಆ ಖಾನಾವಳಿಯನ್ನು ನಂಬಿಯೇ ಬದುಕಿದವಳು. ಬಂಡಿ ಹೊಡೆಯುವವರು, ಸಂತೆ ವ್ಯಾಪಾರಿಗಳು ಅವಳ ಗಿರಾಕಿಗಳು. ಈಗ ಬಂಡಿಯೂ ಇಲ್ಲ, ಸಂತೆಯೂ ಇಲ್ಲ. ಜೋಳದ ಹಿಟ್ಟಿಗೆ ಹುಳ ಹತ್ತಿತ್ತು. ಒಬ್ಬನೇ ಒಬ್ಬ ಮಾತ್ರ ದಿನಾ ಮಧ್ಯಾಹ್ನ ಹಿತ್ತಲ ಬಾಗಿಲಿಂದ ಬರುತ್ತಿದ್ದ.

"ಅಂಗಡಿ ಮುಚ್ಚಿದೆಯೋ ಇಲ್ಲವೋ, ತಪಾಸಣೆ ಮಾಡಬೇಕು. ಪಲ್ಯ ಏನಿದೆ?" ಎನ್ನುತ್ತಿದ್ದ ಜಟ್ಟೆಪ್ಪ.

"ಉಂಡದ್ದಕ್ಕೆ ಏನಾದರೂ ಕೊಡಿ, ಯಜಮಾನರೇ."

"ಮುಚ್ಚಿದ ಅಂಗಡೀಲಿ ವ್ಯಾಪಾರ ಎಲ್ಲಿಯದು? ವ್ಯಾಪಾರವೇ ಇಲ್ಲದ ಮೇಲೆ ಕೊಡೋದು ಏನನ್ನ?"

"ಹೋಗಲಿ, ಒಂಟೆಲಾಯದವರಿಗಾದರೂ ನನ್ನಿಂದ ಅಡಿಗೆ ಮಾಡಿಸಿ. ಅಲ್ಲಿ ನೀರುಗಂಜಿ ಕುಡಿದು ಒಣಗುತ್ತಿದ್ದಾರಂತೆ. ಅರಮನೆಯ ಕಣಜ ತುಂಬಿದೆ, ನನ್ನ ಒಲೆ ಖಾಲಿ ಇದೆ."

"ನಿನ್ನ ಒಲೆ ಅಲ್ಲಿಗೆ ಉರಿದರೆ ನನಗೆ ಬಿಸಿ ರೊಟ್ಟಿ ಸುಡೋರು ಯಾರು?"

ಅಷ್ಟರಲ್ಲಿ ಎದುರುಮನೆಯಲ್ಲಿ ಗದ್ದಲವಾಯಿತು. ನೇಕಾರ ಮಲಕಪ್ಪ ಚುರುಮುರಿ ತಿನ್ನುವಾಗ ಒಂದು ಕಾಳು ಗಂಟಲಿಗೆ ಸಿಕ್ಕಿ ಕೆಮ್ಮಿದ್ದ. ಕಾವಲುಗಾರರು ಉದ್ದನೆಯ ಬಿದಿರಿನಿಂದ ಅವನನ್ನು ಲಾಯದ ಕಡೆ ತಳ್ಳುತ್ತಿದ್ದರು.

"ಅಯ್ಯೋ, ಅದು ಚುರುಮುರಿ ಕೆಮ್ಮು!" ಎಂದಳು ಸಂಕವ್ವ.

"ಕೆಮ್ಮು ಅಂದರೆ ಕೆಮ್ಮೇ!" ಜಟ್ಟೆಪ್ಪ ಬೆರಳು ನೆಕ್ಕಿದ. "ಕಾರಣ ಕೇಳೋದು ಕೊತ್ವಾಲನ ಕೆಲಸವಲ್ಲ."

ಸಂಕವ್ವನಿಗೆ ಸಿಟ್ಟು ಬಂತು. ಆದರೂ ನಕ್ಕಳು. "ನಾಳೆ ಎಣ್ಣೆಗಾಯಿ ಮಾಡ್ತೀನಿ. ದೊರೆಗಳು ಪೇಟೆ ನೋಡಲು ಬರೋ ಹೊತ್ತಿಗೆ ಬಂದುಬಿಡಿ. ಆಗ ಎಲ್ಲರ ಕಣ್ಣೂ ಕುದುರೆ ಮೇಲಿರುತ್ತೆ, ನಿಮ್ಮ ತಟ್ಟೆ ಮೇಲಿರಲ್ಲ."

ಕೊತ್ವಾಲನಿಗೆ ಈ ಯೋಚನೆ ಬಹಳ ಹಿಡಿಸಿತು.

ಮರುದಿನ ಅವನು ಬಂದು ಕೂತ. ಕಿಟಕಿ ಮುಚ್ಚಿತ್ತು, ಮುಂಬಾಗಿಲಿಗೆ ಅಗುಳಿ ಬಿದ್ದಿತ್ತು. ಎಲ್ಲ ಆಜ್ಞೆಯ ಪ್ರಕಾರವೇ. ಬೀದಿಯಲ್ಲಿ ಕುದುರೆಗಳ ಗೊರಸಿನ ಸದ್ದು ಕೇಳಿತು. ಸಂಕವ್ವ ಒದ್ದೆ ಸೆರಗನ್ನು ಮೂಗಿಗೆ ಬಿಗಿದುಕೊಂಡಳು, ಕಾದು ಹೊಗೆಯಾಡುತ್ತಿದ್ದ ಎಣ್ಣೆಗೆ ಒಣಮೆಣಸಿನಕಾಯಿಯನ್ನು ಬೊಗಸೆ ತುಂಬ ಸುರಿದಳು. ಮರುಕ್ಷಣ ಹಿತ್ತಲಿಗೆ ಜಿಗಿದು ಆ ಬಾಗಿಲನ್ನೂ ಎಳೆದುಕೊಂಡಳು.

ಘಾಟು ಎದ್ದಿತು ನೋಡಿ! ಜಟ್ಟೆಪ್ಪನ ಕಣ್ಣು, ಮೂಗು, ಬಾಯಿ ಮೂರೂ ಒಟ್ಟಿಗೆ ಸುರಿಯತೊಡಗಿದವು. ತಡಕಾಡಿ ಅಗುಳಿ ಕಿತ್ತು, ಮುಂಬಾಗಿಲು ಒದ್ದು, ಖೊಕ್ ಖೊಕ್ ಎನ್ನುತ್ತ ನೇರ ಅರಸನ ಕುದುರೆಯ ಮುಂದೆ ಹೋಗಿ ಬಿದ್ದ.

ಕುದುರೆ ಹಿಂದಕ್ಕೆ ಹಾರಿತು. ಅದಕ್ಕಿಂತ ಹಿಂದಕ್ಕೆ ಮಂತ್ರಿ ಹಾರಿದ.

"ಕೊತ್ವಾಲ! ನಿನಗೂ ಬಂತೇ?" ಎಂದ ಅರಸ.

"ಇಲ್ಲ ಮಹಾಪ್ರಭು! ಇದು ಮೆಣ... ಖೊಕ್! ಮೆಣಸಿ... ಖೊಕ್!"

ಕಾವಲುಗಾರರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಬ್ಬ ಮೆಲ್ಲಗೆ, "ಕೆಮ್ಮು ಅಂದರೆ ಕೆಮ್ಮೇ ಅಂತ ಇವರದೇ ಅಪ್ಪಣೆ, ಪ್ರಭು" ಎಂದ. ಇನ್ನೊಬ್ಬ ಆಗಲೇ ಬಿದಿರು ತಂದಿದ್ದ. ಇಷ್ಟು ಹುರುಪಿನಿಂದ ಅವರು ಯಾವ ಆಜ್ಞೆಯನ್ನೂ ಪಾಲಿಸಿರಲಿಲ್ಲ. ಕೊತ್ವಾಲ ಬೀದಿಯುದ್ದಕ್ಕೂ ಉರುಳುರುಳಿ ಹೋದ.

ಅಷ್ಟರಲ್ಲಿ ತೆರೆದ ಬಾಗಿಲಿಂದ ಘಾಟು ತೇಲಿ ಬಂದು ಅರಸನ ಮೂಗಿಗೂ ಬಡಿಯಿತು.

"ಖೊಕ್!"

ಬಿದಿರು ಹಿಡಿದು ಉಳಿದಿದ್ದ ಕಾವಲುಗಾರ ಒಮ್ಮೆ ಅರಸನನ್ನು, ಒಮ್ಮೆ ತನ್ನ ಬಿದಿರನ್ನು ನೋಡಿದ.

ಸಂಕವ್ವ ಮನೆ ಬಳಸಿ ಬಂದು ದೂರದಲ್ಲೇ ಕೈಮುಗಿದಳು. ದೊರೆಯನ್ನೇ ಕೆಮ್ಮಿಸಬೇಕೆಂದು ಅವಳು ಲೆಕ್ಕ ಹಾಕಿರಲಿಲ್ಲ.

"ಯಾರಮ್ಮ ನೀನು? ಒಳಗೆ ಏನು ಸುಡ್ತಿದ್ದೀಯಾ?"

"ಖಾನಾವಳಿ ಸಂಕವ್ವ, ಪ್ರಭು. ಎಣ್ಣೆಗಾಯಿಗೆ ಒಗ್ಗರಣೆ. ಅಂಗಡಿ ಮುಚ್ಚಿ ಎಷ್ಟೋ ದಿನವಾಯಿತು, ಆದರೆ ಕೊತ್ವಾಲರ ಹಸಿವು ಮುಚ್ಚಲಿಲ್ಲ. ದಿನಾ ತಪಾಸಣೆಗೆ ಬಂದು ಪುಕ್ಕಟೆ ಉಂಡು ಹೋಗ್ತಾರೆ."

ಅರಸ ಕಣ್ಣೊರೆಸಿಕೊಂಡ. "ಅದಿರಲಿ. ಈಗ ನಾನೂ ಕೆಮ್ಮಿದೆನಲ್ಲ! ನಾನೂ ಒಂಟೆಲಾಯಕ್ಕೆ ನಡೆಯಬೇಕೇನು?"

"ಬೇಡ ಪ್ರಭು. ಕೆಮ್ಮಿನಲ್ಲಿ ಎರಡು ಜಾತಿ. ಒಂದು ಎದೆಯಿಂದ ಬರೋದು, ಇನ್ನೊಂದು ಅಡಿಗೆಮನೆಯಿಂದ ಬರೋದು. ಮೊದಲನೇದಕ್ಕೆ ವೈದ್ಯ ಬೇಕು. ಎರಡನೇದಕ್ಕೆ ಊಟಕ್ಕೆ ಎಲೆ ಹಾಕಿದರೆ ಸಾಕು."

ಅರಸನ ತುಟಿ ಅರಳಿತು. "ಮತ್ತೆ ಲಾಯದಲ್ಲಿರೋರು ಯಾವ ಜಾತಿ?"

"ಕೇಳಿದವರೇ ಇಲ್ಲ. ನೇಕಾರ ಮಲಕಪ್ಪನದು ಚುರುಮುರಿ ಜಾತಿ. ಬೇನೆ ಇಲ್ಲದವನನ್ನು ಬೇನೆಯವರ ನಡುವೆ ಕೂಡಿಹಾಕಿದ್ದಾರೆ."

ಅರಸನ ಮುಖ ಗಂಭೀರವಾಯಿತು. ಅಲ್ಲೇ ಅಪ್ಪಣೆ ಕೊಟ್ಟ: ವೈದ್ಯರು ಒಬ್ಬೊಬ್ಬರನ್ನೂ ನೋಡಲಿ, ಬೇನೆಯಿಲ್ಲದವರಿಗೆ ಬೇರೆ ಚಾವಡಿ ಕೊಡಲಿ. ಲಾಯದವರಿಗೆಲ್ಲ ಸಂಕವ್ವನ ಒಲೆಯಿಂದಲೇ ಊಟ ಹೋಗಲಿ. ಕಾಳು ಅರಮನೆಯದು, ಕೂಲಿ ಅವಳಿಗೆ.

ಕುದುರೆ ತಿರುಗಿಸುವಾಗ ಅವನಿಗೆ ಏನೋ ನೆನಪಾಯಿತು. "ಅಲ್ಲಮ್ಮ, ನಿನ್ನ ಲೆಕ್ಕದಲ್ಲಿ ಕೊತ್ವಾಲನದೂ ಅಡಿಗೆಮನೆ ಕೆಮ್ಮೇ. ಬಿಡಿಸಿಬಿಡಲೇ?"

"ಅವಸರ ಬೇಡ ಪ್ರಭು," ಎಂದಳು ಸಂಕವ್ವ. "ಅವರ ಕೆಮ್ಮು ಅಂಟೋದಲ್ಲ, ನಿಜ. ಆದರೆ ಪುಕ್ಕಟೆ ಉಣ್ಣೋದು ಅಂಟುರೋಗ. ಒಬ್ಬ ಅಧಿಕಾರಿಗೆ ತಗುಲಿದರೆ ಕಚೇರಿಗೆಲ್ಲ ಹರಡುತ್ತೆ."

ಮಂತ್ರಿ ಯಾಕೋ ಆಕಾಶ ನೋಡತೊಡಗಿದ. ಅರಸ ಕುದುರೆಯ ಮೇಲೆಯೇ ಹೊಟ್ಟೆ ಹಿಡಿದುಕೊಂಡು ನಕ್ಕ.

"ಹಾಗಾದರೆ ಅಮಾವಾಸ್ಯೆವರೆಗೆ ಅವನು ಅಲ್ಲೇ ಇರಲಿ, ಬೇರೆ ಚಾವಡಿಯಲ್ಲಿ. ಅವನ ಊಟವೂ ನಿನ್ನದೇ, ಸಂಕವ್ವ. ದುಡ್ಡು ಮಾತ್ರ ಅವನದು!"