ತಿಳಿ ಬಳೆ ಮೂಡಿದ ತಟ್ಟೆ

ನದಿ ದಂಡೆಯ ಆಶ್ರಮದಲ್ಲೊಂದು ಪುಟ್ಟ ಆಸ್ಪತ್ರೆ. ಗುರು ನಿರಂಜನಯ್ಯನವರು ಕಾವಿ ಉಟ್ಟ ಮೇಲೂ ಸ್ಟೆತಸ್ಕೋಪು ಬಿಟ್ಟವರಲ್ಲ. ಅವರ ಶಿಷ್ಯ ವಿರೂಪಾಕ್ಷ, ಎಳೆಯ ವೈದ್ಯ.

ಮೂರು ವಾರದಿಂದ ಅವನು ದಿನಾ ಬೆಳಿಗ್ಗೆ ರೋಗಾಣು ಬೆಳೆಸಲು ರಕ್ತ ಬೆರೆಸಿ ಗಂಟಲ ದ್ರವ ಸವರಿದ ಒಂದು ಗಾಜಿನ ತಟ್ಟೆಯನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದ. ಅವನ ತಾಳ್ಮೆ ಕಂಡು ಗುರುಗಳು ಒಳಗೊಳಗೇ ಹಿಗ್ಗಿದ್ದರು.

ಅಂದು ವಿರೂಪಾಕ್ಷ ಓಡಿ ಬಂದ. “ಗುರುಗಳೇ, ಗೊತ್ತಾಯಿತು! ರೋಗಾಣು ಸ್ಟ್ರೆಪ್ಟೋಕಾಕಸ್, ಎ ಗುಂಪಿನದು.”

“ಹೇಗೆ ಹೇಳ್ತೀಯ?”

“ಸವರಿದ ಮರುದಿನವೇ ರೋಗಾಣುವಿನ ಸುತ್ತ ರಕ್ತ ಪೂರಾ ಕರಗಿ ತಿಳಿ ಬಳೆ ಮೂಡಿತ್ತು. ಹಾಗಾಗಿ ಬೀಟಾ ಬಗೆ. ಹಸಿರು ಛಾಯೆ ಬಂದಿದ್ದರೆ ಆಲ್ಫಾ. ರಕ್ತ ಹಾಗೇ ಉಳಿದಿದ್ದರೆ ಗಾಮಾ.”

“ತಿಳಿ ಬಳೆ ಬಿ ಗುಂಪಿನದಕ್ಕೂ ಮೂಡುತ್ತದಲ್ಲ?”

“ಹೌದು, ಹಸುಗೂಸುಗಳನ್ನು ಕಾಡುವುದು ಅದು. ಸಿ, ಜಿ ಕೂಡ ಇವೆ. ಅದಕ್ಕೇ ಪಟ್ಟಣದಿಂದ ಗುಂಪು ಗುರುತಿಸುವ ದ್ರಾವಣ ಬರುವವರೆಗೂ ಕಾದೆ.”

“ಭೇಷ್. ಯಾರ ಗಂಟಲಿನದು?”

“ಆಚೆ ದಡದ ದುಂಡಮ್ಮನ ಮಗಳು ಪುಟ್ಟತಾಯಿಯದು.”

“ಔಷಧಿ ಕೊಟ್ಟೆ ತಾನೆ?”

“ಹೆಸರು ತಿಳಿಯದೆ ಮದ್ದು ಕೊಡಬೇಡ ಅಂತ ನೀವೇ ಹೇಳಿದ್ದಿರಲ್ಲ? ಇವತ್ತು ತಿಳಿಯಿತು.”

ಪಾಪ, ತಪ್ಪಾಗಿದೆಯೆಂದು ಅವನಿಗೆ ಹೊಳೆದೇ ಇರಲಿಲ್ಲ.

ಗುರುಗಳು ಎದ್ದು ಹರಿಗೋಲು ಹತ್ತಿದರು. ಶಿಷ್ಯ ಹಿಂದೆಯೇ ಹತ್ತಿದ.

ಆಚೆ ದಡದಲ್ಲಿ ಹುಡುಗಿ ಮನೆಯ ಜಗಲಿಯ ಮೇಲೆ ಗೋಡೆಗೆ ಒರಗಿ ಕೂತಿದ್ದಳು.

“ಗಂಟಲು ತಾನಾಗೇ ವಾಸಿ ಆಯ್ತು ಬುದ್ಧಿ,” ಎಂದಳು ದುಂಡಮ್ಮ. “ಆಮ್ಯಾಕೆ ಮೊಣಕಾಲು ಊದ್ಕೊಂತು. ಅದು ಇಳೀತು ಅನ್ನೋಷ್ಟ್ರಲ್ಲಿ ಮೊಣಕೈ. ಈಗ ನಾಕು ಹೆಜ್ಜೆ ಹಾಕುದ್ರೆ ಏದುಸಿರು ಬತ್ತದೆ.”

ಗುರುಗಳು ಮಗುವಿನ ಎದೆಯ ಮೇಲೆ ಸ್ಟೆತಸ್ಕೋಪು ಇಟ್ಟು ಆಲಿಸಿದರು. ಆಮೇಲೆ ಅದನ್ನು ಶಿಷ್ಯನ ಕಿವಿಗೆ ಕೊಟ್ಟರು.

“ಏನು ಕೇಳಿಸುತ್ತೆ?”

“ಬಡಿತದ ನಡುವೆ ಊದಿದ ಹಾಗೆ ಸದ್ದು. ಹೃದಯದ ಕವಾಟ ಸರಿಯಾಗಿ ಮುಚ್ಚುತ್ತಿಲ್ಲ.”

“ಬಳೆ ಕಂಡ ದಿನವೇ ಪೆನಿಸಿಲಿನ್ ಕೊಟ್ಟಿದ್ದರೆ?”

“ಬಹುಶಃ ಗಂಟಲಿನ ರೋಗ ಕೀಲು ಹಿಡಿದು ಹೃದಯದವರೆಗೂ ಬರುತ್ತಿರಲಿಲ್ಲ.”

ದುಂಡಮ್ಮ ಇಬ್ಬರ ಮುಖವನ್ನೂ ನೋಡಿದಳು. “ವಾಸಿ ಆಯ್ತದಾ ಬುದ್ಧಿ?”

“ಇವತ್ತೇ ದೊಡ್ಡಾಸ್ಪತ್ರೆಗೆ ಸೇರಿಸೋಣ, ತಾಯಿ. ಆಮೇಲೆ ವರ್ಷಗಟ್ಟಲೆ ಸೂಜಿ ಹಾಕಿಸ್ತಾ ಇರಬೇಕು.” ಅದಕ್ಕಿಂತ ಹೆಚ್ಚಿನ ಸಮಾಧಾನ ಅವರ ಬಳಿ ಇರಲಿಲ್ಲ.

ಹುಡುಗಿಯನ್ನು ಸೇರಿಸಿ ಮರಳುವಾಗ ಹರಿಗೋಲಿನಲ್ಲಿ ಶಿಷ್ಯ ಅತ್ತುಬಿಟ್ಟ.

“ಗುರುಗಳೇ, ಒಂದು ದಿನವೂ ತಪ್ಪಿಸದೆ ಆ ತಟ್ಟೆಯನ್ನು ನೋಡುತ್ತಿದ್ದೆ.”

“ಹೌದು, ನೀನು ನೋಡ್ತಿದ್ದೆ. ನೀನು ನೋಡೋದನ್ನ ನಾನೂ ನೋಡ್ತಿದ್ದೆ.”

ಗುರುಗಳು ನೀರಿನಲ್ಲಿ ಕೈ ಅದ್ದಿದರು. ದಡ ಹತ್ತಿರವಾದಾಗ ಹೇಳಿದರು:

“ಈ ಹರಿಗೋಲೂ ದಿನಾ ಬಂದು ಹೋಗ್ತಿತ್ತು, ವಿರೂಪಾಕ್ಷ. ನಾವಿಬ್ಬರೂ ಹತ್ತಲಿಲ್ಲ.”